ಪೇಜಿನ ಬೀಗದ ಕೈ ಮನೆಯಲ್ಲೇ ಇರಲಿ

ಕೊಡಗಿನಲ್ಲಿ ಹೋಂಸ್ಟೇ ನಡೆಸುವವರು, ಕಾಫಿಪುಡಿ, ಜೇನು, ಕಾಚಂಪುಳಿ (ಅಡುಗೆಗೆ ಬಳಸುವ ಕಪ್ಪು ಹುಳಿರಸ) ಮಾರುವವರು ತಮ್ಮ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಖಾತೆಗಳನ್ನು ದೂರದ ಊರಿನ ಏಜೆನ್ಸಿಗೆ ಪೂರ್ತಿಯಾಗಿ ಒಪ್ಪಿಸಿ ನಿಶ್ಚಿಂತರಾಗುವುದು ನನಗೆ ಸರಿಕಾಣುವುದಿಲ್ಲ. ಮಡಿಕೇರಿ, ಕುಶಾಲನಗರದ ಕೆಲವು ಸಣ್ಣ ವ್ಯಾಪಾರಿಗಳ ಖಾತೆ ನೋಡಿಕೊಳ್ಳುವುದೇ ನನ್ನ ಜೀವನೋಪಾಯವಾಗಿರುವುದರಿಂದ ಈ ಮಾತನ್ನು ಯೋಚಿಸಿಯೇ ಬರೆಯುತ್ತಿದ್ದೇನೆ. ಫೋಟೊ ತೆಗೆಯಲು, ರೀಲ್ಸ್ ಎಡಿಟ್ ಮಾಡಲು, ಜಾಹೀರಾತು ಹಾಕಲು ನಮ್ಮಂಥವರನ್ನು ಇಟ್ಟುಕೊಳ್ಳಿ. ಆದರೆ ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ನಂಬರಿನಲ್ಲಿ ಇರಲಿ, ಕೇಳಿದವರಿಗೆ ಉತ್ತರ ನಿಮ್ಮ ಮನೆಯಿಂದಲೇ ಹೋಗಲಿ.

ನನಗೆ ಪರಿಚಯದ ಒಂದು ಹೋಂಸ್ಟೇಯ ಪೇಜನ್ನು ಏಜೆನ್ಸಿಯ ಹುಡುಗನೊಬ್ಬ ತನ್ನ ಸ್ವಂತ ಪ್ರೊಫೈಲಿನಿಂದ ತೆರೆದಿದ್ದ. ಅವನು ಕೆಲಸ ಬಿಟ್ಟುಹೋದ ಮೇಲೆ ಏಜೆನ್ಸಿಯವರು ಫೋನ್ ಎತ್ತುವುದನ್ನೂ ಬಿಟ್ಟರು. ಅತಿಥಿಗಳು ವರ್ಷಗಟ್ಟಲೆ ಬರೆದಿದ್ದ ಒಳ್ಳೆಯ ಮಾತುಗಳೆಲ್ಲ ಇಂದಿಗೂ ಆ ಪೇಜಿನಲ್ಲೇ ಇವೆ, ಆದರೆ ಅದರಲ್ಲಿರುವ ಹಳೆಯ ದರವನ್ನು ತಿದ್ದುವ ಅಧಿಕಾರವೂ ಮನೆಯವರಿಗಿಲ್ಲ. ಪೇಜಿನ ಪೂರ್ಣ ನಿಯಂತ್ರಣವನ್ನು ಮನೆಯ ಇಬ್ಬರು ಇಟ್ಟುಕೊಂಡು, ಹೊರಗಿನವರಿಗೆ ಪೋಸ್ಟ್ ಮತ್ತು ಜಾಹೀರಾತು ಹಾಕುವಷ್ಟು ಮಾತ್ರ ಅನುಮತಿ ಕೊಡಲು ಫೇಸ್‌ಬುಕ್‌ನಲ್ಲೇ ವ್ಯವಸ್ಥೆಯಿದೆ. ಜೊತೆಗೆ ಎರಡು ಹಂತದ ದೃಢೀಕರಣವನ್ನು, ಅಂದರೆ ಪಾಸ್‌ವರ್ಡಿನ ಮೇಲೆ ಇನ್ನೊಂದು ಕೋಡನ್ನೂ ಕೇಳುವ ವ್ಯವಸ್ಥೆಯನ್ನು, ಇಂದೇ ಆನ್ ಮಾಡಿ. 'ನಿಮ್ಮ ಪೇಜ್ ಕಾಪಿರೈಟ್ ಉಲ್ಲಂಘಿಸಿದೆ, ತಕ್ಷಣ ಈ ಲಿಂಕ್ ಒತ್ತದಿದ್ದರೆ ಪೇಜ್ ರದ್ದಾಗುತ್ತದೆ' ಎಂದು ಇನ್‌ಬಾಕ್ಸಿಗೆ ಬರುವ ಸಂದೇಶ ಪಾಸ್‌ವರ್ಡ್ ಕದಿಯುವವರದು, ಗಾಬರಿಯಲ್ಲಿ ಒತ್ತಬೇಡಿ.

ಉತ್ತರದ ವಿಷಯವನ್ನು ನಾನು ಇದಕ್ಕಿಂತಲೂ ದೊಡ್ಡದೆಂದು ತಿಳಿದಿದ್ದೇನೆ. 'ಅಕ್ಕಾ, ಮಾಂದಲಪಟ್ಟಿಗೆ ನಮ್ಮ ಕಾರಿನಲ್ಲೇ ಹೋಗಬಹುದಾ?' ಎಂದು ಯಾರೋ ಕಮೆಂಟಿನಲ್ಲಿ ಕೇಳುತ್ತಾರೆ. ಇಲ್ಲ, ಆ ಬೆಟ್ಟದ ದಾರಿಗೆ ಜೀಪೇ ಬೇಕು ಎಂದು ಇಲ್ಲಿಯವರು ಕೂಡಲೇ ಹೇಳಬಲ್ಲರು. ಇಲ್ಲಿಗೆ ಬಂದೇ ಇರದ ಏಜೆನ್ಸಿಯವನು ಒಂದು ಹೃದಯದ ಚಿಹ್ನೆ ಹಾಕಿ 'ದಯವಿಟ್ಟು ಇನ್‌ಬಾಕ್ಸ್ ಮಾಡಿ' ಎನ್ನುತ್ತಾನೆ. ಮಳೆಗಾಲದಲ್ಲಂತೂ ಇದು ಬರೀ ವ್ಯಾಪಾರದ ಮಾತಾಗಿ ಉಳಿಯುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾದ ಮೇಲೆ, ಜೋರು ಮಳೆ ಬಂತೆಂದರೆ ಹಳೆಯ ವಿಡಿಯೊಗಳು ಹೊಸದರಂತೆ ಮತ್ತೆ ಹರಿದಾಡುತ್ತವೆ. ಆಗ ನಿಮ್ಮ ಊರಿನ ರಸ್ತೆ ಹೇಗಿದೆ, ಜಿಲ್ಲಾಡಳಿತ ಏನು ಸೂಚನೆ ಕೊಟ್ಟಿದೆ, ಕರೆಂಟ್ ಇದೆಯೇ ಎಂಬುದನ್ನು ದಿನಾಂಕ ಹಾಕಿ ನೀವೇ ಬರೆಯಬೇಕು. ಬರುವುದು ಕ್ಷೇಮವಲ್ಲದಿದ್ದರೆ, ಬುಕಿಂಗ್ ಹೋದರೂ ಸರಿ, ಬರಬೇಡಿ ಎಂದೇ ಹೇಳಬೇಕು.

ಫೋಟೊಗಳಿಗೂ ಇದೇ ಮಾತು. ಬೇಸಿಗೆಯ ಮಳೆ ಬಿದ್ದ ಮೇಲೆ ಕಾಫಿ ತೋಟ ಬೆಳ್ಳಗೆ ಅರಳಿ ನಿಲ್ಲುವುದು ಕೆಲವೇ ದಿನ. ಆ ಚಿತ್ರವನ್ನು ಡಿಸೆಂಬರಿನಲ್ಲಿ ಹಾಕಿ ಜನರನ್ನು ಕರೆದರೆ, ಬಂದವರು ಹೂವಿನ ಬದಲು ಹಣ್ಣು ಕೊಯ್ಯುವುದನ್ನು ನೋಡಿ ಹೋಗುತ್ತಾರೆ. ಕೊಯ್ಲೂ ನೋಡತಕ್ಕದ್ದೇ, ಅದನ್ನೇ ತೋರಿಸಿ ಕರೆಯಬಹುದಲ್ಲ!

ಕಾಫಿಪುಡಿ ಮಾರುವವರು ದರವನ್ನೂ ಚಿಕೋರಿಯ ಪ್ರಮಾಣವನ್ನೂ ಪೋಸ್ಟಿನಲ್ಲೇ ಬರೆಯುವುದು ಒಳ್ಳೆಯದು. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದೆಂದೂ, ಎರಡರ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದೂ ನಿಯಮವೇ ಇದೆ. ಪೊಟ್ಟಣದ ಮೇಲಿರುವುದನ್ನು ಪೋಸ್ಟಿನಲ್ಲಿ ಮುಚ್ಚಿಡುವುದೇಕೆ? ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗಿನಲ್ಲಿ ಕಾಲು ಕೆ.ಜಿ., ಅರ್ಧ ಕೆ.ಜಿ. ಎಂದು ಬೇರೆಬೇರೆಯಾಗಿ ದರ ಹಾಕಿಟ್ಟರೆ ಅರ್ಧದಷ್ಟು ಪ್ರಶ್ನೆಗಳು ತಾವಾಗಿಯೇ ನಿಲ್ಲುತ್ತವೆ. ಹಬ್ಬಕ್ಕೊಂದು ಶುಭಾಶಯದ ಪೋಸ್ಟರ್ ಇಲ್ಲದಿದ್ದರೆ ಯಾರಿಗೂ ನಷ್ಟವಿಲ್ಲ.

ಇನ್ನು ಹೋಂಸ್ಟೇಗಳ ಫೋಟೊ ಕದ್ದು ನಕಲಿ ಪೇಜ್ ತೆರೆದು ಮುಂಗಡ ಹಣ ಹೊಡೆಯುವವರೂ ಇದ್ದಾರೆ. ಆದ್ದರಿಂದ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ, ಬುಕಿಂಗಿಗೆ ಇರುವ ಒಂದೇ ಫೋನ್ ನಂಬರ್, ಯುಪಿಐ ಮೂಲಕ ಹಣ ಹಾಕುವಾಗ ಪರದೆಯ ಮೇಲೆ ಕಾಣಬೇಕಾದ ಹೆಸರು, ಈ ಮೂರನ್ನೂ ಪೇಜಿನ ಮೇಲ್ಭಾಗದಲ್ಲೇ ಪಿನ್ ಮಾಡಿಡಿ. ಬೇರೆ ಹೆಸರು ಕಂಡರೆ ಹಣ ಹಾಕದೆ ನೇರವಾಗಿ ಫೋನ್ ಮಾಡಿ ಎಂಬ ಸಾಲನ್ನೂ ಅಲ್ಲೇ ಸೇರಿಸಿ. ಯಾರಾದರೂ ಮೋಸಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳಿ.