ಹಿಟ್ಟು ರುಬ್ಬಿದವರು ಯಾರು?

ಅಮೆರಿಕದಲ್ಲಿ ಔಟ್‌ಸೋರ್ಸಿಂಗ್ ಮೇಲೆ, ಅಂದ್ರೆ ಕೆಲಸ ಹೊರದೇಶಕ್ಕೆ ಕೊಡೋದರ ಮೇಲೆ, ಸಿಟ್ಟು ಬಂದಾಗಲೆಲ್ಲ ಬೆಂಗಳೂರಿನ ಹೆಸರು ಕೇಳುತ್ತೆ. 2009ರಲ್ಲಿ ಒಬಾಮಾ ತೆರಿಗೆ ಬಗ್ಗೆ ಮಾತಾಡ್ತಾ ಅಮೆರಿಕದ ಬಫಲೋ ಊರಿನ ಎದುರು ನಿಲ್ಲಿಸಿದ್ದು ಬೆಂಗಳೂರನ್ನೇ. ಇಲ್ಲಿ ಸಂಬಳ ಕಮ್ಮಿ, ಅದಕ್ಕೇ ಕೆಲಸ ಹೋಯ್ತು ಅಂತಾರೆ ಅವರು. ನಮ್ಮ ಹುಡುಗರು ಜಾಣರು, ಅದಕ್ಕೇ ಬಂತು ಅಂತೀವಿ ನಾವು. ನನಗೆ ಎರಡೂ ಅರೆಬರೆ ಅನ್ಸುತ್ತೆ.

ಸಂಬಳ ಕಮ್ಮಿ ಇರೋ ದೇಶಗಳು ಬೇಕಾದಷ್ಟಿವೆ. ಹಾಗಿದ್ರೂ 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯೋರು ಚಿಪ್ ಡಿಸೈನ್ ಮಾಡಿಸೋಕೆ ಇಲ್ಲಿಗೇ ಯಾಕೆ ಬಂದ್ರು? ಮೈಸೂರು ಮಹಾರಾಜರು 371 ಎಕರೆ ಜಾಗ ಕೊಟ್ಟ ಟಾಟಾ ಇನ್‌ಸ್ಟಿಟ್ಯೂಟ್ (ಈಗಿನ ಐಐಎಸ್‌ಸಿ) 1909ರಿಂದ ಇಲ್ಲಿತ್ತು. 1940ರಿಂದ ವಿಮಾನ ಮಾಡೋ ಎಚ್‌ಎಎಲ್, 1954ರಿಂದ ಎಲೆಕ್ಟ್ರಾನಿಕ್ಸ್ ಮಾಡೋ ಬಿಇಎಲ್, ಆಮೇಲೆ ಇಸ್ರೋ. ಎಲೆಕ್ಟ್ರಾನಿಕ್ ಸಿಟಿ ಕೂಡ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಕೂಸು, ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರ ಹಟ ಇಲ್ಲದಿದ್ರೆ ಅದೂ ಆಗ್ತಿರಲಿಲ್ಲವೇನೋ. ಇದರ ಬಹುಪಾಲು ನಮ್ಮ ತೆರಿಗೆ ದುಡ್ಡು. ಜೊತೆಗೆ ಅಪ್ಪ ಅಮ್ಮಂದಿರ ದುಡ್ಡು. ಮಗನ ಇಂಜಿನಿಯರಿಂಗ್ ಸೀಟಿಗೆ ಅಡಿಕೆ ತೋಟ ಅಡ ಇಟ್ಟವರನ್ನ ಮಲೆನಾಡಲ್ಲಿ ನಾನೇ ನೋಡಿದ್ದೀನಿ. ಇಪ್ಪತ್ತೆರಡು ವರ್ಷದ ಹುಡುಗ ಕಂಪನಿ ಬಾಗಿಲಿಗೆ ಬರೋ ಹೊತ್ತಿಗೆ ಅವನ ಓದಿನ ಖರ್ಚೆಲ್ಲ ಮುಗಿದಿರುತ್ತೆ. ಹಿಟ್ಟು ರುಬ್ಬಿದ್ದು ನಾವು, ದೋಸೆ ಹುಯ್ಕೊಂಡಿದ್ದು ಅವರು.

ರೂಪಾಯಿದೂ ಒಂದು ಕೈ ಇದೆ. 1985ರಲ್ಲಿ ಡಾಲರಿಗೆ ಹತ್ರಹತ್ರ 12 ರೂಪಾಯಿ, ಈಗ 85 ದಾಟಿದೆ. ಇಲ್ಲಿ ಸಂಬಳ ಏರಿದೆ ಅಂತ ನಾವು ಬೀಗ್ತೀವಿ, ಡಾಲರ್ ಲೆಕ್ಕದಲ್ಲಿ ಅದು ಅಷ್ಟೇನೂ ಏರಿರಲ್ಲ.

ಗಾರ್ಮೆಂಟ್ಸ್ ಕತೆ ಬೇರೆ. ಹೊಲಿಗೆ ಮೆಷಿನ್ ಮೇಲೆ ಕೈ ಪಳಗೋಕೆ ವರ್ಷಗಟ್ಟಲೆ ಬೇಕಾಗಿಲ್ಲ, ಹಾಗಾಗಿ ಆ ಕೆಲಸಕ್ಕೆ ಕಾಲು ಜಾಸ್ತಿ. ಬೆಂಗಳೂರಲ್ಲಿ ಕೂಲಿ, ಬಾಡಿಗೆ ಏರಿದ ಹಾಗೆ ಫ್ಯಾಕ್ಟರಿಗಳು ರಾಮನಗರ, ಮಂಡ್ಯದ ಕಡೆ ಹೊರಟವು. 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮದ ವಿರುದ್ಧ ಇಲ್ಲಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದಾಗ ಕೇಂದ್ರ ಸರ್ಕಾರವೇ ಬಗ್ಗಿತು. ಆದರೆ ಆ ಬಟ್ಟೆ ಮಾರೋ ವಿದೇಶಿ ಬ್ರ್ಯಾಂಡನ್ನ ಅವರು ಬಗ್ಗಿಸೋದು ಹೇಗೆ? ಅದರ ಹೆಸರು ಕಾಲರ್ ಮೇಲಿರುತ್ತೆ, ಫ್ಯಾಕ್ಟರಿ ಗೇಟಿನ ಮೇಲಿರಲ್ಲ. ಶ್ರೀಮಂತ ದೇಶಗಳು ಕೆಲಸ ಹೊರಗೆ ಕೊಡೋದರಲ್ಲಿ ಈ ಅನುಕೂಲವೂ ಇದೆ, ಅದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. 2013ರಲ್ಲಿ ಢಾಕಾ ಹತ್ತಿರ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತಾಗ, ಅಲ್ಲಿ ನಮ್ಮ ಬಟ್ಟೆ ಹೊಲಿಸ್ತಿರಲಿಲ್ಲ ಅಂತ ಜಾರಿಕೊಂಡ ಬ್ರ್ಯಾಂಡ್‌ಗಳೂ ಇದ್ದವು.

ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಜಿಸಿಸಿ (ಹೊರಗಿನ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ತೆರೆಯೋ ಕೇಂದ್ರ) ನೀತಿ ತಂದಿದೆ. 2029ರೊಳಗೆ ಬಹುರಾಷ್ಟ್ರೀಯ ಕಂಪನಿಗಳ ಇನ್ನೂ 500 ಕೇಂದ್ರ ಬರಬೇಕಂತೆ. ಬರಲಿ, ಬೇಡ ಅನ್ನಲ್ಲ. ಆದರೆ ಪ್ರೋತ್ಸಾಹಧನ ಕೊಡೋ ಮುಂಚೆ ಒಂದು ಷರತ್ತು ಹಾಕಲಿ: ರಾಯಚೂರು, ಚಾಮರಾಜನಗರದಂಥ ಕಡೆ ಸರ್ಕಾರಿ ಪಾಲಿಟೆಕ್ನಿಕ್‌ಗಳ ಲ್ಯಾಬ್ ಖರ್ಚಲ್ಲಿ ಅವರ ಪಾಲೂ ಇರಬೇಕು. ಷರತ್ತು ಹಾಕಿದ್ರೆ ಹೈದರಾಬಾದಿಗೆ ಓಡ್ತಾರೆ ಅಂತೀರಾ? ಕೆಲವರು ಓಡಬಹುದು. ಆದರೆ 1985ರಲ್ಲಿ ಬಂದವರು ಬರೀ ಅಗ್ಗ ನೋಡಿ ಬಂದಿದ್ದಿದ್ರೆ ನಲವತ್ತು ವರ್ಷ ಆದ್ಮೇಲೂ ಇಲ್ಲೇ ಇರ್ತಿರಲಿಲ್ಲ.