ಬಿಳಿಚಿದ ಅನಿಮೋನ್‌ಗೆ ಮೊದಲು ಊಟ, ಆಮೇಲೆ ಬೆಳಕು

ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಅನಿಮೋನ್ (ಹೂವಿನಂತೆ ಕಾಣುವ, ಬಾಯಿಯ ಸುತ್ತ ಎಳೆಗಳಿರುವ ಕಡಲಜೀವಿ) ಸಾಕುವ ಬಗ್ಗೆ ಬಂದ ಲೇಖನ ಓದಿದೆ. ‘ಬಣ್ಣ ಕಳೆದುಕೊಂಡ ಕಡಲ ಅನಿಮೋನ್‌ಗೆ ದೀಪವನ್ನು ಪೂರ್ತಿ ಪ್ರಖರವಾಗಿಸಿ, ವಾರದಲ್ಲಿ ಚೇತರಿಸಿಕೊಳ್ಳುತ್ತದೆ’ ಎಂಬ ಅದರ ಲೇಖಕರ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಬೆಳಕಿನಿಂದ ಆಹಾರ ತಯಾರಿಸಿ ಕೊಡುತ್ತಿದ್ದ ಸೂಕ್ಷ್ಮ ಪಾಚಿಗಳೇ ಮೈಬಿಟ್ಟು ಹೋಗಿರುವಾಗ ಬೆಳಕು ಸುರಿದರೆ ತುಂಬುವುದು ಯಾರ ಹೊಟ್ಟೆ? ಅಳಿದುಳಿದ ಪಾಚಿಗೂ ಅತಿ ಬೆಳಕು ಹಾನಿಯೇ. ಬರೆಯ ಮೇಲೆ ಬರೆ.

ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದ ಬಬಲ್ ಟಿಪ್ ಎಂಬ ಜಾತಿಯ ಅನಿಮೋನ್ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಉತ್ಸಾಹದಲ್ಲಿ ಹೆಬ್ಬೆರಳ ಗಾತ್ರದ ಸೀಗಡಿ ತುಂಡು ಕೊಟ್ಟೆ. ನುಂಗಿತು. ಮರುದಿನ ಬೆಳಗ್ಗೆ ಲೋಳೆ ಸುತ್ತಿದ ಅದೇ ತುಂಡು ಮರಳಿನ ಮೇಲೆ ಬಿದ್ದಿತ್ತು. ಆಮೇಲೆ ಹಸಿ ಸೀಗಡಿಯನ್ನು ಕಡಲೆಬೇಳೆಗಿಂತ ಸಣ್ಣದಾಗಿ ಹೆಚ್ಚಿ, ವಾರಕ್ಕೆ ಎರಡು ಮೂರು ಬಾರಿ ಇಕ್ಕಳದಿಂದ ಅದರ ಬಾಯಿಯ ಬಳಿ ಇಡತೊಡಗಿದೆ. (ಜೊತೆಗಿದ್ದ ಕ್ಲೌನ್ ಮೀನು ಕದಿಯದಂತೆ ಕಾಯುವುದು ಬೇರೆಯೇ ಕೆಲಸ.) ದೀಪವನ್ನು ಮಂದವಾಗಿಯೇ ಇಟ್ಟು ವಾರವಾರವೂ ತುಸು ತುಸು ಏರಿಸಿದೆ. ಪಾಚಿ ಮರಳಿದ ಕುರುಹಾಗಿ ಎಳೆಗಳ ಬುಡದಲ್ಲಿ ಕಂದು ಛಾಯೆ ಕಾಣಲು ಎರಡು ತಿಂಗಳು ಹಿಡಿಯಿತು.

ನೀರಿನ ಉಷ್ಣತೆ 25–26 ಡಿಗ್ರಿಯಲ್ಲಿ ಸ್ಥಿರವಾಗಿರಬೇಕು ಎಂದು ಬರೆದವರು ನಮ್ಮ ಮಳೆಗಾಲದ ರಾತ್ರಿಗಳನ್ನು ಕಂಡಿಲ್ಲವೆಂದು ತೋರುತ್ತದೆ. ಕರೆಂಟ್ ಹೋದರೆ ಹೀಟರ್ ಮತ್ತು ಪಂಪ್ ಒಟ್ಟಿಗೆ ನಿಲ್ಲುತ್ತವೆ. ಬ್ಯಾಟರಿಯ ಏರ್ ಪಂಪ್, ತೊಟ್ಟಿಯ ಸುತ್ತ ಹೊದಿಸಲು ಹಳೆಯ ಕಂಬಳಿ, ಇವೆರಡೂ ಇಲ್ಲದೆ ಇಲ್ಲಿ ಅನಿಮೋನ್ ಸಾಕುವ ಮಾತೇ ಬೇಡ.

ಪಂಪಿನ ಬಾಯಿಗೆ ಜಾಲರಿ ಕಟ್ಟಿ ಎಂದಿದ್ದಾರಲ್ಲ, ಅದನ್ನು ಮಾತ್ರ ಒಪ್ಪುತ್ತೇನೆ. ನಿತ್ರಾಣಗೊಂಡ ಅನಿಮೋನ್ ರಾತ್ರಿ ಎಲ್ಲಿಗೆ ಜಾರುತ್ತದೆಂದು ಹೇಳಲಾಗದು; ಪಂಪಿಗೇ ಸಿಕ್ಕಿಕೊಂಡೀತು.