ಬೆಳ್ಳಿ ಹಬ್ಬದ ಊಟ ರಾತ್ರಿಗೇ ಯಾಕೆ?

ವರ್ಷ ವರ್ಷ ಬರುವ ಮದುವೆ ದಿನಕ್ಕೆ ಮನೆಯಲ್ಲೇ ಇದ್ದರೆ ಏನೂ ತಲೆನೋವಿಲ್ಲ. ಬೆಳಿಗ್ಗೆ ದೇವಸ್ಥಾನ, ಮಧ್ಯಾಹ್ನ ಒಬ್ಬಟ್ಟು, ಒಬ್ಬಟ್ಟಿನ ಸಾರು, ಸಂಜೆ ನಾಲ್ಕು ಜನರ ಫೋನು, ಆಯ್ತು. ಊರಾಚೆ ಇದ್ದಾಗ ಆ ದಿನ ಬಂತೋ, ರಾತ್ರಿ ಎಲ್ಲಿ ಊಟ ಅನ್ನುವುದು ಮದುವೆಗೆ ಛತ್ರ ಹುಡುಕಿದಷ್ಟೇ ದೊಡ್ಡ ಕೆಲಸ. ಅದೂ ಇಪ್ಪತ್ತೈದನೆಯದಾದರೆ ಮುಗೀತು ಕಥೆ. ಬೆಳ್ಳಿ ಹಬ್ಬಕ್ಕೆ ಬರೀ ಊಟ ಸಾಲದು, ಸ್ಪೆಷಲ್ ಊಟ ಆಗಬೇಕು. ಯಾರು ಹೇಳಿದ್ದು ಅಂತ ಕೇಳಬೇಡಿ. ಎಲ್ಲರೂ ಹೇಳುತ್ತಾರೆ.

ನಾವು ತುಮಕೂರಿನವರು. ಮದುವೆಯಾದದ್ದು ಮೇ ತಿಂಗಳಲ್ಲಿ. ನಮ್ಮ ಕಡೆ ಆಷಾಢದಲ್ಲಿ ಮದುವೆ ಮಾಡಲ್ಲ, ಧನುರ್ಮಾಸದಲ್ಲೂ ಮಾಡಲ್ಲ. ಹಾಗಾಗಿ ಗೊತ್ತಿರುವ ಎಷ್ಟೋ ಜೋಡಿಗಳ ಮದುವೆ ದಿನ ಬರುವುದು ಬೇಸಿಗೆಯಲ್ಲೇ. ಬಿಸಿಲು, ಮಕ್ಕಳ ರಜೆ, ಲಾಡ್ಜೆಲ್ಲ ಭರ್ತಿ. ಅವರೆಕಾಯಿ ಕಾಲ ಮುಗಿದು ತಿಂಗಳುಗಳಾಗಿರುತ್ತವೆ. ಇದೇ ದಿನ ಡಿಸೆಂಬರಿನಲ್ಲೋ ಜನವರಿಯಲ್ಲೋ ಬಂದಿದ್ದರೆ, ಎಲ್ಲಿ ಹಿತಕಬೇಳೆ ಸಾರು ಚೆನ್ನಾಗಿ ಮಾಡುತ್ತಾರೆ ಅಂತ ಒಂದು ಮಾತು ವಿಚಾರಿಸಿದ್ದರೆ ಸಾಕಾಗಿತ್ತು, ಹೋಟೆಲ್ ತಾನೇ ಸಿಕ್ಕಿಬಿಡುತ್ತಿತ್ತು. ಮುಹೂರ್ತ ಇಡುವಾಗ ಹಿರಿಯರು ಗುರುಬಲ ನೋಡಿದರು, ಅವರೆಕಾಯಿ ನೋಡಲಿಲ್ಲ.

ಈ ಸಲ ಎಲ್ಲಿಗೆ ಹೋಗುವುದು ಅಂತ ಮಾತು ಬಂದಾಗ ಮಗಳು ಬಾಲಿ ಅಂದಳು, ನಮ್ಮನೆಯವರು ಮುಳಬಾಗಿಲ ಹತ್ತಿರದ ಕುರುಡುಮಲೆ ಗಣಪತಿ ಅಂದರು. ಗಣಪತಿ ಗೆದ್ದ. ದೊಡ್ಡಬಳ್ಳಾಪುರದ ಮೇಲೆ ಚಿಕ್ಕಬಳ್ಳಾಪುರ, ನಂದಿಯ ಭೋಗನಂದೀಶ್ವರ, ಆಮೇಲೆ ಕೋಲಾರಮ್ಮನ ಗುಡಿ, ಮುಳಬಾಗಿಲು, ಹೀಗೆ ಒಂದು ಸುತ್ತು. ಸೋತ ಮಗಳು ಒಂದು ಷರತ್ತು ಹಾಕಿದಳು. 'ಅಮ್ಮ, ದೇವಸ್ಥಾನ ಎಷ್ಟಾದರೂ ನೋಡ್ಕೊಳ್ಳಿ, ಆದರೆ ಆ ರಾತ್ರಿ ಒಂದು ಒಳ್ಳೆ ರೆಸ್ಟೋರೆಂಟಿಗೆ ಹೋಗಲೇಬೇಕು, ಫೋಟೋ ಕಳಿಸಲೇಬೇಕು.'

ಸರಿ, ಯಾವ ರೆಸ್ಟೋರೆಂಟು? ಇವರನ್ನು ಕೇಳಿದೆ. ಭಾರೀ ಪ್ರೀತಿಯಿಂದ 'ನಿನ್ನಿಷ್ಟ, ನೀನೇ ಹೇಳು' ಅಂದರು. ನೋಡಿ, ಮನೆಯಲ್ಲಿ ದಿನಾ ತಿಂಡಿ ಏನು, ಮಧ್ಯಾಹ್ನಕ್ಕೆ ಯಾವ ಸಾರು, ರಾತ್ರಿ ಚಪಾತಿಯೋ ಮುದ್ದೆಯೋ ಅಂತ ತೀರ್ಮಾನ ಮಾಡುವವಳು ನಾನು. ವರ್ಷಕ್ಕೊಂದು ದಿನವಾದರೂ ಆ ಪ್ರಶ್ನೆಯನ್ನು ಬೇರೆ ಯಾರಾದರೂ ಹೊತ್ತುಕೊಳ್ಳಲಿ ಅನ್ನುವುದೇ ನನ್ನ ದೊಡ್ಡ ಆಸೆ, ಸೀರೆಗಿಂತ ದೊಡ್ಡದು. ಆ ಒಂದು ದಿನವೂ ಅದು ಸುತ್ತಿ ಸುತ್ತಿ ನನ್ನ ತಲೆಗೇ ಬರುತ್ತದೆ, ಅದೂ ಉಡುಗೊರೆಯ ವೇಷದಲ್ಲಿ. ಇವರು ಹೆಸರು ಹೇಳಿದರೆ ನಾನು 'ಅಲ್ಲಿಗಾ?' ಅಂತ ಮುಖ ಮಾಡುತ್ತೇನೆ ಅನ್ನುವುದು ಇವರ ವಾದ. ಅದಕ್ಕೆ ನನ್ನ ಉತ್ತರ ಇಷ್ಟೇ: ಒಳ್ಳೆ ಹೆಸರು ಹೇಳಲಿ.

ಫೋನು ಹಿಡಿದು ಕೂತೆ. ಗೂಗಲ್ ಮ್ಯಾಪ್ ತೆಗೆದರೆ ಹೆದ್ದಾರಿ ಉದ್ದಕ್ಕೂ ಎಲ್ಲ ಹೋಟೆಲಿಗೂ ನಾಲ್ಕು ಚಿಲ್ಲರೆ ಸ್ಟಾರ್. ಒಬ್ಬರು ಐದು ಸ್ಟಾರ್ ಕೊಟ್ಟು 'ಪಾರ್ಕಿಂಗ್ ಸೂಪರ್' ಅಂತ ಬರೆದಿದ್ದಾರೆ, ಊಟದ ಸುದ್ದಿಯೇ ಇಲ್ಲ. ಇನ್ನೊಬ್ಬರಿಗೆ ಸಪ್ಲೈಯರ್ ನೀರು ತರಲು ತಡ ಮಾಡಿದ್ದಾನೆ, ಒಂದೇ ಸ್ಟಾರ್. ನನ್ನ ಕೇಳಿದರೆ ಸ್ಟಾರ್ ಬಿಡಿ, ಜನ ಹಾಕಿರುವ ಫೋಟೋ ನೋಡಿ. ಕಟ್ಟಡದ ಫೋಟೋ, ಕಾರಂಜಿಯ ಫೋಟೋ, ಉಯ್ಯಾಲೆ ಮೇಲೆ ಕೂತ ಮಗುವಿನ ಫೋಟೋ ಜಾಸ್ತಿ ಇದ್ದರೆ ಅಲ್ಲಿ ಊಟ ಅಷ್ಟಕ್ಕಷ್ಟೇ. ಅರ್ಧ ತಿಂದ ತಟ್ಟೆಯ ಫೋಟೋ ಇದ್ದರೆ ಒಳ್ಳೆಯ ಲಕ್ಷಣ, ಪಾಪ ತಿನ್ನುವ ಗಡಿಬಿಡಿಯಲ್ಲಿ ನೆನಪಾಗಿ ತೆಗೆದಿರುತ್ತಾರೆ.

ಇನ್ನೊಂದು ತೊಡಕು, ಸಣ್ಣ ಊರುಗಳಲ್ಲಿ ರಾತ್ರಿ ಎಂಟರ ಮೇಲೆ ದೀಪ ಹಾಕಿಕೊಂಡು ಕರೆಯುವ ಬೋರ್ಡುಗಳಲ್ಲಿ ಮುಕ್ಕಾಲು ಪಾಲು ಬಾರ್ ಅಂಡ್ ರೆಸ್ಟೋರೆಂಟು. ಮೇಲೆ ಫ್ಯಾಮಿಲಿ ಹಾಲ್ ಇದೆ ಅನ್ನುತ್ತಾರೆ, ಇರುತ್ತದೆ ಕೂಡ. ಆದರೆ ಅಲ್ಲಿಗೆ ಹೋಗುವ ಮೆಟ್ಟಿಲು ಕೆಳಗಿನ ಹಾಲಿನ ಮಧ್ಯದಿಂದಲೇ. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಆ ಮೆಟ್ಟಿಲು ಹತ್ತಿ ನೋಡಿ, ಗೊತ್ತಾಗುತ್ತದೆ.

ಹೋಗಲಿ ಬೆಟ್ಟದ ಮೇಲೆ ಊಟ ಮಾಡೋಣ ಅಂದರೆ, ನಂದಿ ಬೆಟ್ಟ 1,478 ಮೀಟರ್ ಎತ್ತರ, ಮೇ ತಿಂಗಳಲ್ಲೂ ಗಾಳಿ ತಣ್ಣಗೆ. ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು 1927ರಲ್ಲಿ, ಮತ್ತೆ 1936ರಲ್ಲಿ ಬಂದು ತಂಗಿದ್ದ ಜಾಗ. 1986ರಲ್ಲಿ ಬೆಂಗಳೂರಿಗೆ ಬಂದ ಸಾರ್ಕ್ ದೇಶಗಳ ನಾಯಕರನ್ನೂ ಇಲ್ಲಿಗೇ ಕರೆತಂದಿದ್ದರು. ಜಾಗದ ಬಗ್ಗೆ ತಕರಾರೇ ಇಲ್ಲ. ಆದರೆ ಮೇಲೆ ರೂಮು ಸಿಕ್ಕಿದವರಿಗೆ ಮಾತ್ರ ರಾತ್ರಿ ಊಟ, ಮಿಕ್ಕವರು ಸಂಜೆಗೇ ಗಂಟು ಕಟ್ಟಿ ಇಳಿಯಬೇಕು. ಬೇಸಿಗೆ ರಜೆಯ ವಾರದ ಕೊನೆಗೆ ರೂಮು ಸಿಗಲು ನಾವೇನು ಸಾರ್ಕ್ ನಾಯಕರೇ?

ವಾರದ ಕೊನೆ ಅಂದೆನಲ್ಲ, ಅದೇ ಇನ್ನೊಂದು ಗಂಟು. ನಮ್ಮ ಬೆಳ್ಳಿ ಹಬ್ಬ ಬಿದ್ದದ್ದು ಶನಿವಾರ. ನಮ್ಮಲ್ಲಿ ಸೋಮವಾರ, ಶನಿವಾರ ಮಾಂಸ ಮುಟ್ಟುವುದಿಲ್ಲ. ಇವರಿಗೆ ಕೋಲಾರದ ಕಡೆ ಹೋಗುವುದು ಅಂದರೆ ನಾಟಿಕೋಳಿ ಸಾರು, ಮುದ್ದೆ. ಕ್ಯಾಲೆಂಡರ್ ನೋಡಿದ ದಿನ ಇವರ ಮುಖ ನೋಡಬೇಕಿತ್ತು. 'ತಿಥಿ ಲೆಕ್ಕದಲ್ಲಿ ನಮ್ಮ ಮದುವೆ ದಿನ ಶನಿವಾರ ಬರಲ್ಲ ಕಣೇ' ಅಂತ ಪಂಚಾಂಗ ಬೇರೆ ತೆಗೆದರು. ಇಷ್ಟು ವರ್ಷ ಇಂಗ್ಲಿಷ್ ತಾರೀಕಿಗೆ ಸೀರೆ ತೆಗೆಸಿಕೊಂಡವಳು ನಾನು, ಕೋಳಿಗೋಸ್ಕರ ತಿಥಿಗೆ ಬದಲಾಯಿಸುವುದುಂಟೇ?

ಇಷ್ಟಕ್ಕೂ ದೊಡ್ಡ ಊರಿನ ಸ್ಪೆಷಲ್ ಡಿನ್ನರ್ ನಾವು ಕಂಡಿಲ್ಲ ಅಂತಲ್ಲ. ಹಿಂದೊಮ್ಮೆ ಮೈಸೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಆಗಿದೆ. ಮೇಜಿನ ಮೇಲೆ ಗುಲಾಬಿ ದಳ, ಮಧ್ಯೆ ಮೇಣದ ಬತ್ತಿ. ದೀಪ ಎಷ್ಟು ಕಮ್ಮಿ ಮಾಡಿದ್ದರೆಂದರೆ ಮೆನು ಕಾರ್ಡ್ ಓದಲು ಇಬ್ಬರೂ ಕನ್ನಡಕ ಹಾಕಿಕೊಂಡು ಮೊಬೈಲ್ ಟಾರ್ಚ್ ಹಚ್ಚಬೇಕಾಯಿತು. ಪ್ರೀತಿಯಿಂದ ಕೇಕ್ ತಂದರು, ಅದರಲ್ಲಿ ಮೊಟ್ಟೆ ಇದೆ ಅಂತ ಕತ್ತರಿಸಿದ ಮೇಲೆ ಹೇಳಿದರು. ಅದು ಸೋಮವಾರ. ಕೊನೆಗೆ ಬಿಲ್ ಬಂತು. ನಮ್ಮನೆಯವರು ಬಿಲ್ಲನ್ನು ಪೇಪರ್ ಥರ ಓದುವವರು. ರೂಮಿನ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟಿದ ಹೋಟೆಲ್ ಆದ್ದರಿಂದ ಊಟಕ್ಕೆ 18 ಪರ್ಸೆಂಟ್ ಜಿಎಸ್‌ಟಿ, ಸಾಮಾನ್ಯ ಹೋಟೆಲಿನಲ್ಲಾದರೆ ಅದು 5. ಅದನ್ನು ಒಪ್ಪಿದರು, ಸರ್ಕಾರದ್ದು. ಅದರ ಕೆಳಗೆ ಸರ್ವಿಸ್ ಚಾರ್ಜ್ ಅಂತ ಇನ್ನೊಂದು ಸಾಲು. ಅದನ್ನು ಹೀಗೆ ತಾವಾಗೇ ಬಿಲ್ಲಿಗೆ ಸೇರಿಸುವ ಹಾಗಿಲ್ಲ ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ನಾವು ಹೋದದ್ದು ಕೋರ್ಟಿನ ಮಾತು ಬರುವ ಮುಂಚೆ, ಆದರೂ ಇವರು ಬಿಡಲಿಲ್ಲ. ಮೇಣದ ಬತ್ತಿ ಆರುವ ತನಕ ಮ್ಯಾನೇಜರ್ ಜೊತೆ ವಾದ ಮಾಡಿ ಆ ಸಾಲು ತೆಗೆಸಿದರು. ಆಮೇಲೆ ಪಾಪ ಅನ್ನಿಸಿ ಸಪ್ಲೈಯರ್ ಕೈಗೆ ಅಷ್ಟೇ ದುಡ್ಡು ಟಿಪ್ಸ್ ಕೊಟ್ಟು ಬಂದರು. ಊಟ ಏನು ಮಾಡಿದೆವು ಅಂತ ಈಗ ಕೇಳಿದರೆ ಇಬ್ಬರಿಗೂ ನೆನಪಿಲ್ಲ. ಪನೀರ್ ಇತ್ತು, ಇದ್ದೇ ಇರುತ್ತದೆ.

ಇದೇ ನನಗೆ ತಲೆಯಲ್ಲಿ ಕೊರೆಯುತ್ತಿದ್ದದ್ದು. ನಮ್ಮ ಕಡೆಯ ಊರುಗಳಲ್ಲಿ ರಾತ್ರಿ ಊಟದ ಮೆನು ನೋಡಿ. ಚಿಕ್ಕಬಳ್ಳಾಪುರವಾಗಲಿ, ಕೋಲಾರವಾಗಲಿ, ನಮ್ಮ ತುಮಕೂರೇ ಆಗಲಿ, ಕತ್ತಲಾದ ಮೇಲೆ ಎಲ್ಲ ಒಂದೇ. ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲ, ಬಟರ್ ನಾನ್, ಜೀರಾ ರೈಸ್, ಕೊನೆಗೆ ಗಡ್‌ಬಡ್. ಅದನ್ನು ತಿನ್ನಲು ಮನೆ ಬಿಟ್ಟು ಇಷ್ಟು ದೂರ ಬರಬೇಕಾ? ಈ ಊರುಗಳ ನಿಜವಾದ ಊಟ ಎಲ್ಲ ಹಗಲಿನದು. ತುಮಕೂರಿನ ತಟ್ಟೆ ಇಡ್ಲಿಯನ್ನೇ ತಗೊಳ್ಳಿ. ಬೆಂಗಳೂರಿನಿಂದ ಹೆದ್ದಾರಿ ಹಿಡಿದು ಬರುವವರು ಕ್ಯಾತಸಂದ್ರದಲ್ಲಿ ಗಾಡಿ ನಿಲ್ಲಿಸುವುದು ಬೆಳಿಗ್ಗೆ. ಹಬೆಯಿಂದ ಈಗ ತಾನೇ ಇಳಿಸಿದ ಇಡ್ಲಿ ಮೇಲೆ ಬೆಣ್ಣೆ ಕರಗುತ್ತಿರುವಾಗ ತಿಂದರೆ ಒಂದು ರುಚಿ, ಸಂಜೆ ಹೊತ್ತಿಗೆ ತಿಂದರೆ ಬರೀ ಹೊಟ್ಟೆಪಾಡು. ಮಿಲಿಟರಿ ಹೋಟೆಲಿನ ಮುದ್ದೆ ಊಟ ಮಧ್ಯಾಹ್ನದ್ದು, ಮೂರು ಗಂಟೆಗೆ ಹೋದರೆ ಬರೀ ಸಾರು ಉಳಿದಿರುತ್ತದೆ. ಬಂಗಾರಪೇಟೆ ಪಾನಿಪುರಿ ಸಂಜೆಯದು, ಅದನ್ನು ನಿಂತುಕೊಂಡೇ ತಿನ್ನಬೇಕು. ಅದರ ಪಾನಿಗೆ ಹಸಿರು ಬಣ್ಣವೇ ಇರಲ್ಲ, ಕುಡಿಯುವ ನೀರಿನಷ್ಟು ತಿಳಿ. ಖಾರವೇ ಇಲ್ಲ ಅಂದುಕೊಂಡು ಬಾಯಿಗಿಟ್ಟರೆ ಮೂಗಲ್ಲಿ ನೀರು ಬರುತ್ತದೆ. ಈಗ ಬೆಂಗಳೂರಿನ ಗಲ್ಲಿ ಗಲ್ಲಿಯಲ್ಲೂ ಬಂಗಾರಪೇಟೆ ಹೆಸರಿನ ಬೋರ್ಡು ಇದೆ ನಿಜ, ಮುಳಬಾಗಿಲು ದೋಸೆಯ ಬೋರ್ಡೂ ಇದೆ. ಆದರೂ ಆ ಊರಿಗೇ ಹೋಗಿದ್ದಾಗ ಅಲ್ಲೇ ತಿನ್ನದೆ ಬರುವುದುಂಟೇ?

ಅಂದಮೇಲೆ ಸ್ಪೆಷಲ್ ಊಟ ರಾತ್ರಿಗೇ ಯಾಕೆ ಇಟ್ಟುಕೊಳ್ಳಬೇಕು? ನಮ್ಮ ಮದುವೆ ಮುಹೂರ್ತ ಆದದ್ದೂ ಬೆಳಿಗ್ಗೆಯೇ. ಮಗಳು ಹೇಳುವ ಡಿನ್ನರ್ ಪದ್ಧತಿ ಎಲ್ಲಿಂದ ಬಂತೋ, ಆ ಊರಿನಲ್ಲಿ ರಾತ್ರಿ ಊಟ ಚೆನ್ನಾಗಿರುತ್ತದೇನೋ. ಯಾವ ಊರಿನಲ್ಲಿ ಇರುತ್ತೀವೋ ಆ ಊರು ಯಾವ ಹೊತ್ತಿನಲ್ಲಿ ಚೆನ್ನಾಗಿ ತಿನ್ನುತ್ತದೆ ಅಂತ ಮೊದಲು ವಿಚಾರಿಸಿ, ನಮ್ಮ ಹಬ್ಬವನ್ನು ಆ ಹೊತ್ತಿಗೆ ಸರಿಸಿಕೊಂಡರೆ ಆಯ್ತು. ಲಾಡ್ಜಿನ ರೂಮ್‌ಬಾಯ್‌ನನ್ನು ಕೇಳಿ, ಪೆಟ್ರೋಲ್ ಬಂಕಿನವರನ್ನು ಕೇಳಿ. 'ಇಲ್ಲಿ ಒಳ್ಳೆ ಹೋಟೆಲ್ ಯಾವುದು' ಅಂತ ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ನಿಮ್ಮ ಕಾರು, ಸೀರೆ ನೋಡಿ ಎ.ಸಿ. ಇರುವುದನ್ನೇ ತೋರಿಸುತ್ತಾರೆ. 'ನೀವು ಎಲ್ಲಿ ತಿಂತೀರಿ' ಅಂತ ಕೇಳಬೇಕು.

ನಾನು ಇದನ್ನು ಹೇಳಿದಾಗ ಇವರು ಎತ್ತಿದ ಆಕ್ಷೇಪಣೆಯೂ ಸಣ್ಣದಲ್ಲ. ಜನ ಮುಗಿಬೀಳುವ ದೋಸೆ ಹೋಟೆಲಿನಲ್ಲಿ ನಾವು ಕೂತ ಕುರ್ಚಿಯ ಹಿಂದೆಯೇ ಮುಂದಿನವರು ನಿಂತಿರುತ್ತಾರೆ. ನಮ್ಮ ದೋಸೆ ಎಷ್ಟು ಉಳಿದಿದೆ ಅಂತ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. 'ಇಪ್ಪತ್ತೈದು ವರ್ಷ ಹೆಂಗೆ ಕಳೀತು ನೋಡು' ಅಂತ ಶುರು ಮಾಡಿದರೆ, ಹಿಂದಿನಿಂದ 'ಸಾರ್, ಬೇಗ ಆಗುತ್ತಾ?' ಅಂತ ಬರುತ್ತದೆ. ನಿಧಾನವಾಗಿ ಕೂರಲು, ಎದುರು ಬದುರು ಮುಖ ನೋಡಿ ನಾಲ್ಕು ಮಾತಾಡಲು ತಾನೇ ಜನ ಆ ದುಬಾರಿ ಕತ್ತಲೆಗೆ ಹೋಗುವುದು? ಒಪ್ಪಿದೆ. ಆದರೆ ನಾವು ಹೋಟೆಲಿನಲ್ಲಿ ಕೂತು ಮಾತಾಡುವುದು ಅಷ್ಟರಲ್ಲೇ ಇದೆ. ಇವರು ಪಕ್ಕದ ಮೇಜಿಗೆ ಏನು ಬಂತು ಅಂತ ನೋಡುತ್ತಾರೆ, ನಾನು ಚಟ್ನಿಗೆ ಏನು ಹಾಕಿದ್ದಾರೆ ಅಂತ ಯೋಚಿಸುತ್ತೇನೆ. ಮಾತೆಲ್ಲ ಆಗುವುದು ಕಾರಿನಲ್ಲಿ. ಕೋಲಾರದಿಂದ ಮುಳಬಾಗಿಲಿಗೆ 30 ಕಿಲೋಮೀಟರ್ ಆಸುಪಾಸು, ಬೇಕಾದಷ್ಟಾಯಿತು.

ಹಾಗೇ ಆಯಿತು. ಶನಿವಾರ ಬೆಳಿಗ್ಗೆ ಸ್ನಾನ ಮಾಡಿ, ರೇಷ್ಮೆ ಸೀರೆಯಲ್ಲೇ ಮುಳಬಾಗಿಲಿನ ಒಂದು ಸಣ್ಣ ಹೋಟೆಲಿನಲ್ಲಿ ಕೂತೆವು. ಅಲ್ಲಿನ ದೋಸೆ ಕಾಗದದ ಥರ ತೆಳ್ಳಗಿರಲ್ಲ. ದಪ್ಪ, ಮೇಲೆ ಕೆಂಪಗೆ ಗರಿ, ಒಳಗೆ ಮೆತ್ತಗೆ, ತುಪ್ಪ ಧಾರಾಳ. ಎರಡನೆಯದನ್ನು ಹಂಚಿಕೊಳ್ಳೋಣ ಅಂದುಕೊಂಡಿದ್ದೆವು, ಹಂಚಿಕೊಳ್ಳಲಿಲ್ಲ. ಹಿಂದೆ ನಿಂತಿದ್ದ ಯಜಮಾನರು ನನ್ನ ಸೀರೆ ನೋಡಿ 'ಎಲ್ಲಿ ಮದುವೆ ಅಮ್ಮಾ?' ಅಂತ ಕೇಳಿದರು. 'ನಮ್ಮದೇ' ಅಂದರು ಇವರು. ಆಮೇಲೆ ಕುರುಡುಮಲೆ. 13 ಅಡಿಗೂ ಮಿಕ್ಕಿದ ಏಕಶಿಲೆಯ ಗಣಪತಿ, ಆ ಹೊಟ್ಟೆ ನೋಡಿ ಇವರಿಗೆ ಎಷ್ಟೋ ಸಮಾಧಾನ. ಶ್ರೀನಿವಾಸಪುರ ಮಾವಿನ ಸೀಮೆ, ಬರುವಾಗ ಆ ಕಡೆ ಬಳಸಿಕೊಂಡು ಒಂದು ಬಾಕ್ಸ್ ಹಣ್ಣು ಕೊಂಡೆವು, ಮನೆಗೆ ಹೋದ ಮೇಲೆ ಸೀಕರಣೆಗೆ.

ರಾತ್ರಿ? ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ ಮೊಸರನ್ನ. ಮಗಳು ಫೋಟೋ ಎಲ್ಲಿ ಅಂದಳು, ದೋಸೆ ಫೋಟೋ ಕಳಿಸಿದೆ. ಅರ್ಧ ತಿಂದದ್ದು. ಮುಂದಿನ ವರ್ಷ ಇದೇ ತಾರೀಕು ಭಾನುವಾರ ಬರುತ್ತದೆ. ಇಪ್ಪತ್ತಾರನೆಯದಕ್ಕೆ ಬೆಳ್ಳಿಯೂ ಇಲ್ಲ, ಚಿನ್ನವೂ ಇಲ್ಲ. ಆದರೂ ಇವರು ಈಗಲೇ ಯಾವ ಮಿಲಿಟರಿ ಹೋಟೆಲಿನಲ್ಲಿ ಮಧ್ಯಾಹ್ನ ಎಷ್ಟು ಗಂಟೆಗೆ ಮುದ್ದೆ ಇಳಿಸುತ್ತಾರೆ ಅಂತ ಸಿಕ್ಕಸಿಕ್ಕವರನ್ನೆಲ್ಲ ವಿಚಾರಿಸುತ್ತಿದ್ದಾರೆ. 'ನೀನೇ ಹೇಳು' ಅನ್ನುವ ಮಾತು ಈ ಸಲ ಬಂದೇ ಇಲ್ಲ.